ಕೆಂಪು ಡಬ್ಬಿ, ನೀಲಿ ಡಬ್ಬಿ

ಇವಾವೊ ನೀಲಿ ಡಬ್ಬಿಯನ್ನು ಕೈಗೆತ್ತಿಕೊಂಡ, ತಿರುಗಿಸಿ ನೋಡಿದ, ಇಟ್ಟ. ಕೆಂಪು ಡಬ್ಬಿಯನ್ನು ಎತ್ತಿಕೊಂಡ, ಅದನ್ನೂ ಇಟ್ಟ. ಒಸಾಕಾದ ನಿಪ್ಪೊನ್‌ಬಾಶಿಯ ಈ ಅಂಗಡಿಗೆ ಅವನು ಭಾನುವಾರ ತಪ್ಪದೆ ಬರತೊಡಗಿ ವರ್ಷವಾಗುತ್ತ ಬಂದಿತ್ತು. ತೊಳೆದಿಟ್ಟ ಕನ್ನಡಿಯಂತೆ ಚಿತ್ರ ತೋರಿಸುವ ಹೊಸ ಡಿಸ್ಕುಗಳು ಬಂದಿದ್ದವು ನಿಜ, ಆದರೆ ಬಂದದ್ದು ಎರಡು ಜಾತಿ. ಕೆಂಪು ಡಬ್ಬಿಯ ಡಿಸ್ಕು ನೀಲಿಯವರ ಪ್ಲೇಯರಿನಲ್ಲಿ ಓಡದು, ನೀಲಿಯದು ಕೆಂಪಿನವರದರಲ್ಲಿ ಓಡದು. ದೊಡ್ಡ ದೊಡ್ಡ ಕಂಪನಿಗಳು ಎರಡು ಪಂಗಡವಾಗಿ ಕಚ್ಚಾಡುತ್ತಿದ್ದವು. ಒಂದು ಗೆದ್ದು ಇನ್ನೊಂದು ಮಣ್ಣು ಮುಕ್ಕುವುದು ಖಂಡಿತ. ಯಾವುದು ಎಂಬುದಷ್ಟೇ ಗೊತ್ತಿರಲಿಲ್ಲ.

"ರೀ, ನನ್ನ ನೋಡೋಕೆ ಬಂದಾಗ ಒಂದು ಬಟ್ಟಲು ಟೀ ಮುಗಿಯೋದರೊಳಗೆ ಒಪ್ಪಿಬಿಟ್ರಿ," ಎಂದಳು ಹೆಂಡತಿ ಫುಸಾಯೆ. "ಒಂದು ಪೆಟ್ಟಿಗೆ ಆರಿಸೋಕೆ ಒಂದು ವರ್ಷ ಬೇಕಾ?"

"ಆಗ ಪೈಪೋಟಿಗೆ ಇನ್ನೊಬ್ಬರು ಇರಲಿಲ್ಲ."

"ಇದ್ರು. ನಮ್ಮಪ್ಪ ನಿಮಗೆ ಹೇಳಲಿಲ್ಲ, ಅಷ್ಟೆ."

ಅವನ ಅಂಜಿಕೆಗೂ ಕಾರಣವಿತ್ತು. ವಿಡಿಯೊ ಕ್ಯಾಸೆಟ್ಟಿನ ಕಾಲದಲ್ಲೂ ಇಂಥದೇ ಜಗಳ ನಡೆದು, ಅವನು ಕೊಂಡದ್ದು ಸೋತವರ ಯಂತ್ರ. ಅದು ಇಂದಿಗೂ ಹಾಸಿಗೆ ಕಪಾಟಿನ ತಳದಲ್ಲಿ ಕೂತಿದೆ. ಎಸೆಯಲು ಮನಸ್ಸಿಲ್ಲ, ಹಾಕಲು ಕ್ಯಾಸೆಟ್ಟಿಲ್ಲ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯುತ್ತದೆ. ಆದರೆ ನಿಜ ಹೇಳಬೇಕೆಂದರೆ ಅವನ ಕಾಲು ಒಂದು ಕಡೆ ನಿಲ್ಲದಿದ್ದುದು ಅದಕ್ಕಲ್ಲ. ಫುಸಾಯೆಯ ದೃಷ್ಟಿ ನಟ್ಟನಡುವೆ ಮಸುಕಾಗುತ್ತಿತ್ತು. ಇದು ನಿಲ್ಲುವ ರೋಗವಲ್ಲ, ಹೆಚ್ಚೆಂದರೆ ಇನ್ನೊಂದೆರಡು ವರ್ಷ ಕಣ್ಣು ಕಂಡೀತು ಎಂದು ಡಾಕ್ಟರು ಹೇಳಿದ ದಿನದಿಂದ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಣ್ಣಿನ ವಿಷಯದಲ್ಲಿ ಅವನು ಮಾಡುವಂಥದ್ದು ಏನೂ ಇರಲಿಲ್ಲ. ಪ್ಲೇಯರಿನ ವಿಷಯದಲ್ಲಾದರೆ ಕ್ಯಾಟಲಾಗನ್ನಾದರೂ ತಿರುವಿ ಹಾಕಬಹುದಿತ್ತು.

ಅಂಗಡಿಯ ನಗತಾನಿ ಬಂದ. ತಲೆ ನೆರೆಯುತ್ತಿದ್ದ, ವರ್ಷದಿಂದ ಇವರನ್ನು ಸಹಿಸಿಕೊಂಡಿದ್ದ ಸೇಲ್ಸ್‌ಮನ್. ಫುಸಾಯೆ ಚೀಲಕ್ಕೆ ಕೈಹಾಕಿ, ಯಾವಾಗಿನಂತೆ ಅವನ ಅಂಗೈಗೊಂದು ಪೆಪ್ಪರಮಿಂಟು ಹಾಕಿ, ರೈಲಿನ ಚಿತ್ರ ಓಡುತ್ತಿದ್ದ ದೊಡ್ಡ ಟೀವಿಯ ಕಡೆ ನಡೆದಳು.

"ಇವತ್ತಾದ್ರೂ ಹೇಳಪ್ಪ, ಗೆಲ್ಲೋದು ಯಾರು?" ಎಂದ ಇವಾವೊ.

ನಗತಾನಿ ಪೆಪ್ಪರಮಿಂಟನ್ನು ದವಡೆಗೊತ್ತಿಕೊಂಡು ದನಿ ತಗ್ಗಿಸಿದ. "ನಾನು ಹೇಳಿದೆ ಅನ್ಬೇಡಿ ಯಜಮಾನ್ರೇ. ಕೆಂಪು ಹೋದಹಾಗೇ. ಅಮೆರಿಕದ ಸಿನಿಮಾದವರು ಒಬ್ಬೊಬ್ಬರಾಗಿ ನೀಲಿ ಕಡೆ ಹಾರ್ತಿದ್ದಾರೆ. ಇನ್ನೊಂದೆರಡು ತಿಂಗಳು ತಡೀರಿ, ಪೂರ್ತಿ ತಿಳಿದುಹೋಗುತ್ತೆ."

ಇವಾವೊನ ಎದೆಯ ಭಾರ ಇಳಿಯಿತು. ಇನ್ನೆರಡು ತಿಂಗಳು ಕಾಯಲು ಒಂದು ಒಳ್ಳೆಯ ನೆಪ ಸಿಕ್ಕಿತ್ತು. ಹೇಳೋಣವೆಂದು ಹೆಂಡತಿಯ ಬಳಿ ಹೋದರೆ, ಅವಳು ಟೀವಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಮುಖ ಓರೆ ಮಾಡಿ, ಕಣ್ಣಂಚಿನಿಂದ ನೋಡುತ್ತಿದ್ದಳು. ನೋತೊ ಕಡಲಂಚಿನ ರೈಲು ಹಾದಿ ಅದು. ಚಾಲಕನ ಪಕ್ಕದಲ್ಲಿ ಕ್ಯಾಮೆರಾ ಇಟ್ಟು ತೆಗೆದದ್ದು. ಅವಳು ಹುಟ್ಟಿ ಬೆಳೆದ ಮನೆ ಆ ಹಾದಿಯ ಪಕ್ಕದಲ್ಲೇ ಇತ್ತು. ಈಗ ಅಲ್ಲಿ ರೈಲೂ ಇಲ್ಲ, ಕಂಬಿಯೂ ಇಲ್ಲ. ಇದೇ ಚಿತ್ರದ ಹಳೆಯ ಥರದ, ಅಷ್ಟು ಸ್ಪಷ್ಟವಲ್ಲದ ಡಿಸ್ಕು ಇವರ ಮನೆಯಲ್ಲಿತ್ತು, ಹೊಸ ಥರದ್ದು ಕೆಂಪು ಡಬ್ಬಿಯಲ್ಲಿ ಮಾತ್ರ ಬಂದಿತ್ತು.

"ರೀ, ಬನ್ನಿ ಇಲ್ಲಿ. ನಮ್ಮನೆ ಹಿತ್ತಲ ಕಾಕಿ ಹಣ್ಣಿನ ಮರ. ತುದೀಲಿ ಒಂದು ಹಣ್ಣಿದೆ ನೋಡಿ."

"ಕಾಣ್ತಿದೆ."

"ಎಲ್ಲಾ ಕಿತ್ತರೂ ಹಕ್ಕಿಗೆ ಅಂತ ತುದೀಲಿ ಒಂದು ಬಿಡ್ತಿದ್ಲು ಅಮ್ಮ. ಮನೇಲಿರೋ ಡಿಸ್ಕಲ್ಲಿ ಬರೀ ಬೋಳು ಮರ ಕಾಣುತ್ತೆ. ಈಗ ಆ ಮನೇಲಿರೋರು ಬಿಡೋದನ್ನ ಮರೆತಿದ್ದಾರೆ ಅಂತ ಬೈಕೊಂಡಿದ್ದೆ. ಪಾಪ, ಬಿಟ್ಟಿದ್ದಾರೆ."

ರೈಲು ಮುಂದೆ ಹೋಯಿತು. ಅವಳು ನಗತಾನಿಯನ್ನು ಕರೆದು ಮತ್ತೆ ಹಿಂದಕ್ಕೆ ತಿರುಗಿಸಲು ಹೇಳಿದಳು.

"ಫುಸಾಯೆ, ಕೇಳಿಲ್ಲಿ," ಎಂದ ಇವಾವೊ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ. "ಇದು ಸೋಲೋ ಕುದುರೆಯಂತೆ, ನಗತಾನೀನೇ ಹೇಳಿದ. ನಾಳೆ ಕೆಟ್ಟರೆ ರಿಪೇರಿಗೂ ಜನ ಸಿಗಲ್ಲ. ಸ್ವಲ್ಪ ತಡೆದ್ರೆ ಇದೇ ರೈಲು ನೀಲೀಲೂ ಬರಬಹುದು."

"ಬರಬಹುದು," ಎಂದಳು ಅವಳು ಸಮಾಧಾನವಾಗಿ. "ಅದು ಬರೋ ಹೊತ್ತಿಗೆ ನೀವು ಪಕ್ಕದಲ್ಲಿ ಕೂತು, ಹಣ್ಣು ಎಲ್ಲಿದೆ ಅಂತ ನನಗೆ ಹೇಳಬೇಕಾಗುತ್ತೆ."

ವರ್ಷವಿಡೀ ತಾನು ಕಾಯುತ್ತಿದ್ದುದು ಯಾವ ಯುದ್ಧ ಮುಗಿಯಲೆಂದು ಇವಾವೊನಿಗೆ ಒಮ್ಮೆಲೇ ಅರ್ಥವಾಯಿತು. ಫುಸಾಯೆ ಆಗಲೇ ಕೆಂಪಿನವರ ಪ್ಲೇಯರಿನ ಮೇಲೆ ಕೈಯಿಟ್ಟಿದ್ದಳು.

"ಇದನ್ನೇ ಕಟ್ಟಪ್ಪ. ಸೋಲೋ ಕುದುರೆ ಅಂತ ನೀನೇ ಹೇಳಿದ್ದೀಯ, ಆ ರೈಲಿನ ಡಿಸ್ಕ್ ಸುಮ್ಮನೆ ಕೊಡಬೇಕು."

ನಗತಾನಿ ನಕ್ಕು ಒಪ್ಪಿಕೊಂಡ. ಬಿಲ್ಲು ಮಾಡುತ್ತ, ದಿನಕ್ಕೆ ಹತ್ತಾರು ಸಲ ಕೇಳಿ ನಾಲಿಗೆಗಂಟಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟ: "ಐದು ವರ್ಷದ ಗ್ಯಾರಂಟಿ ಸೇರಿಸ್ಲಾ?" ಕೇಳಿದ ಮೇಲೆ ಇದು ಯಾವ ಯಂತ್ರವೆಂದು ನೆನಪಾಗಿ ತಲೆ ಕೆರೆದುಕೊಂಡ.

"ಬೇಡಪ್ಪ," ಎಂದಳು ಫುಸಾಯೆ. "ಡಾಕ್ಟ್ರು ನನ್ನ ಕಣ್ಣಿಗೇ ಅಷ್ಟು ಕೊಟ್ಟಿಲ್ಲ."

"ಹಾಕು," ಎಂದ ಇವಾವೊ. ಒಂದು ವರ್ಷದಲ್ಲಿ ಅವನು ಆ ಅಂಗಡಿಯಲ್ಲಿ ಅಳೆದು ಸುರಿಯದೆ ಆಡಿದ ಮೊದಲ ಮಾತು ಅದು. "ಐದು ವರ್ಷದ್ದೇ ಹಾಕು."