ಯಾರೂ ನಿಲ್ಲದ ಗೋರಿ

"ಏಳಮ್ಮಾ ಮೇಲೆ! ಅದೇನು ಪಾರ್ಕಿನ ಬೆಂಚೇ?"

ಮುದುಕ ಫೆಸ್ಟಿ ಗೋರಂನ ಗಂಟಲಿಗೆ ಅಟ್ಲಾಂಟಿಕ್ ಸಾಗರವೇ ಎರಡು ಹೆಜ್ಜೆ ಹಿಂದೆ ಸರಿಯಿತು. ಲೊರೇನ್‌ಳ ಕೈಯಿಂದ ರೊಟ್ಟಿ ಜಾರಿ ಹುಲ್ಲಿಗೆ ಬಿತ್ತು. ಅವಳು ಕೂತಿದ್ದು ಊರ ಸ್ಮಶಾನದಲ್ಲಿ, ಅಕ್ಷರವೇ ಇಲ್ಲದ ಒಂದು ಬೋಳು ಕಲ್ಲಿನ ಮೇಲೆ. ಪಕ್ಕದಲ್ಲಿ ಕಾಲು ಮುರಿದ ಕಬ್ಬಿಣದ ಬೋಗುಣಿ, ಅದರ ತುಂಬ ಕೆಂಪು ಹೂ.

"ಇದು ಯಾರ ಗೋರಿ?"

"ನಮ್ಮ ಪಾಲಿಗೆ ಬಂದದ್ದು. ಬೇರೆ ಕಡೆ ಕೂತು ತಿನ್ನು."

ಗೋರಂ ಮನೆತನದ್ದು, ಎಂದುಕೊಂಡು ಲೊರೇನ್ ಆ ಕಲ್ಲನ್ನು ಲೆಕ್ಕದಿಂದ ಬಿಟ್ಟಳು.

ಷಿಕಾಗೋದಿಂದ ಬಂದು ವಾರವಾಗಿತ್ತು. ಚೀಲದಲ್ಲಿ ಅಮ್ಮನ ಬೂದಿ. "ನಮ್ಮವರ ಪಕ್ಕ ಮಲಗಿಸು" ಎಂದಷ್ಟೇ ಹೇಳಿ ಅಮ್ಮ ಕಣ್ಣು ಮುಚ್ಚಿದ್ದಳು. ನಮ್ಮವರು ಎಂದರೆ ಮಲ್ಕೆರಿನ್ ಮನೆಯವರು, ಅಮ್ಮನ ಅಜ್ಜಿಯ ತವರು. ಊರಿನ ಹೆಸರು ಗೊತ್ತಿತ್ತು. ಗೋರಿ ಯಾವುದೆಂದು ಮಾತ್ರ ದೇವರಿಗೂ ಗೊತ್ತಿದ್ದಂತಿರಲಿಲ್ಲ.

ಈ ಕಡಲಂಚಿನ ಗಾಳಿ ಎಂಥದ್ದೆಂದರೆ ಕಲ್ಲಿನ ಮೇಲಿನ ಹೆಸರನ್ನು ನೆಕ್ಕಿ ನುಂಗಿ, ಉಳಿದದ್ದನ್ನು ಕಲ್ಲುಹೂವಿಗೆ ಎಂಜಲು ಬಿಡುತ್ತದೆ. ಲೊರೇನ್ ಕಲ್ಲಿಗೆ ನೀರು ಸುರಿದಳು. ಕನ್ನಡಿ ಹಿಡಿದು ಬಿಸಿಲನ್ನು ಓರೆಯಾಗಿ ಬಿಟ್ಟು ಅಕ್ಷರದ ನೆರಳು ಹುಡುಕಿದಳು. ಮಂಡಿಯೂರಿ ಊರಿಯೂರಿ ಅವಳ ಪ್ಯಾಂಟು ಮೀನಿನ ಬಲೆಯಾಯಿತು. ಮಲ್ಕೆರಿನ್‌ಗಳು ಸಿಕ್ಕರು, ಸಿಗದೆ ಏನು! ಒಬ್ಬ ಪಾದ್ರಿ, ಒಬ್ಬ ಪೊಲೀಸ್, ಮುಳುಗಿ ಸತ್ತ ಅವಳಿಗಳು. ಅವಳಿಗೆ ಬೇಕಾದವರೊಬ್ಬರೂ ಇಲ್ಲ.

ಅಮ್ಮನ ಮೇಲೇ ಸಿಟ್ಟು ಬಂತು. ಗೋರಿಯ ಗುರುತು ಹೇಳು ಎಂದರೆ ಅಮ್ಮ ಹೇಳುತ್ತಿದ್ದದ್ದು ಒಲೆಯ ಕಥೆ: ಹಡಗು ಹತ್ತುವ ದಿನ ಅಮ್ಮನ ಆ ಅಜ್ಜಿ ಒಲೆಯ ಕೆಂಡವನ್ನೆಲ್ಲ ಪಕ್ಕದ ಮನೆಗೆ ಹೊತ್ತು ಕೊಟ್ಟು, ತಣ್ಣಗಿನ ಮನೆಗೆ ಬಾಗಿಲೆಳೆದು ಬಂದಳಂತೆ. ಕೆಂಡದಿಂದ ಗೋರಿ ಹುಡುಕುವುದುಂಟೇ? ಅಂಥ ಅಡುಗೆಮನೆ ಪುರಾಣವನ್ನು ಲೊರೇನ್ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಕೇಳಿದ್ದೆಲ್ಲ ಒಂದೇ: "ಮಲ್ಕೆರಿನ್ ಅಂತ ಕೆತ್ತಿದ ಕಲ್ಲು ಎಲ್ಲಿದೆ?"

ಅವಳು ಇಳಿದುಕೊಂಡಿದ್ದು ಫೆಸ್ಟಿಯ ತಂಗಿ ಬಾರ್ಬರಾಳ ಮನೆಯಲ್ಲಿ. ಬಾರ್ಬರಾ ಸುರಿಯುವ ಚಹಾದಲ್ಲಿ ಕುದುರೆ ಈಜಬಹುದಿತ್ತು.

"ಸೆಖೆ ಸೆಖೆ ಅಂತೀರಿ, ನಿಮ್ಮಣ್ಣನ ಮನೆ ಹೊಗೆಗೂಡು ನೋಡಿ, ಹೇಗೆ ಉಗುಳ್ತಿದೆ!" ಎಂದಳು ಲೊರೇನ್ ಕಿಟಕಿಯಿಂದ.

"ಅವನ ಹಠ. ಸೂರ್ಯನೇ ಬಂದು ಮನೇಲಿ ಕೂತರೂ ಒಲೆ ಆರಿಸಲ್ಲ. ಮದುವೆ ಆಗಿದ್ದಿದ್ರೆ ಹೆಂಡ್ತಿ ಆರಿಸ್ತಿದ್ಲು." ಬಾರ್ಬರಾ ಇನ್ನೊಂದು ಲೋಟ ತುಂಬಿಸಿದಳು. "ಭಾನುವಾರದವರೆಗೆ ಇರು, ಮಗಳೇ. ಗೋರಿ ಹರಸೋ ದಿನ. ಎಲ್ಲಾ ಮನೆಯವರೂ ಅವರವರ ಗೋರಿ ಹತ್ರ ನಿಲ್ತಾರೆ."

ಲೊರೇನ್‌ಳ ತಲೆಯೊಳಗೆ ದೀಪಸ್ತಂಭ ಹೊತ್ತಿಕೊಂಡಿತು. ತನ್ನವರೆಲ್ಲ ಊರು ಬಿಟ್ಟವರು. ಹಾಗಾದರೆ ಯಾವ ಗೋರಿಯ ಹತ್ತಿರ ಯಾರೂ ನಿಲ್ಲುವುದಿಲ್ಲವೋ, ಅದೇ ತನ್ನದು!

ಭಾನುವಾರ ಡಬ್ಲಿನ್ನೇ ಖಾಲಿಯಾಗಿ ಇಲ್ಲಿ ಸುರಿದಷ್ಟು ಜನ. ಪಾದ್ರಿ ತೀರ್ಥ ಚಿಮುಕಿಸುತ್ತ ಹೊರಟರು. ಲೊರೇನ್ ಚೀಲವನ್ನು ಎದೆಗವುಚಿಕೊಂಡು ಸಾಲು ಸಾಲು ಓಡಿದಳು. ಇಲ್ಲಿ ಅಜ್ಜಿಯರು, ಅಲ್ಲಿ ತಳ್ಳುಗಾಡಿಯ ಕೂಸು, ಮೂಲೆಯ ಮುಳ್ಳುಪೊದೆಯ ಹತ್ತಿರವೂ ಒಬ್ಬ ಟೋಪಿ ತೆಗೆದು ನಿಂತಿದ್ದ. ಒಂಟಿ ಗೋರಿ ಒಂದೂ ಇಲ್ಲ. ಒಂದೂ!

ರಾತ್ರಿ ವಿಮಾನ. ಅಮ್ಮನನ್ನು ಮತ್ತೆ ಷಿಕಾಗೋದ ಕಪಾಟಿಗೇ ಹೊತ್ತು ಹೋಗಬೇಕು.

ಆಗ ಬಾರ್ಬರಾ ಕಂಡಳು. 'ಗೋರಂ' ಎಂದು ಹೊನ್ನಿನಕ್ಷರ ಹೊಳೆಯುವ ಕರಿಗಲ್ಲಿನ ಹತ್ತಿರ ಮಕ್ಕಳು ಮರಿಗಳೊಂದಿಗೆ ನಿಂತಿದ್ದಳು. ಫೆಸ್ಟಿ ಅಲ್ಲಿರಲಿಲ್ಲ. ಅವನು ಸ್ಮಶಾನದ ಈಚೆ ತುದಿಯಲ್ಲಿ, ಆ ಬೋಳು ಕಲ್ಲಿನ ಹತ್ತಿರ, ಒಬ್ಬನೇ.

ವಾರದ ಸಿಟ್ಟೆಲ್ಲ ಲೊರೇನ್‌ಳ ಕಾಲಿಗೆ ಬಂತು.

"ನಿಮ್ಮವರೆಲ್ಲ ಅಲ್ಲಿದ್ದಾರೆ! ಹಾಗಾದ್ರೆ ಇದು ಯಾರದ್ದು? ಯಾರದ್ದೋ ಗೋರಿ ಒಳಗೆ ಹಾಕ್ಕೊಂಡು ನನ್ನನ್ನ ಓಡಿಸ್ತೀರಾ?"

"ಮೆಲ್ಲಗೆ ತಾಯಿ, ಪಾದ್ರಿ ಬರ್ತಿದ್ದಾರೆ." ಫೆಸ್ಟಿ ಮಂಡಿ ಉಜ್ಜಿಕೊಂಡ. "ನಮ್ಮದು ಅಂತ ಯಾರಂದ್ರು? ಪಾಲಿಗೆ ಬಂದದ್ದು ಅಂದೆ. ಪಕ್ಕದ ಮನೆಯವರದು. ಹೆಸರು ನಂಗೂ ತಿಳಿಯದು. ಮಗಳು ಅಮೆರಿಕಾಕ್ಕೆ ಹೋಗೋವಾಗ ನಮ್ಮಜ್ಜಿ ಹತ್ರ ಮಾತು ತಗೊಂಡ್ಳಂತೆ, ಈ ದಿನ ತನ್ನ ಅಪ್ಪ ಅಮ್ಮನ ಹತ್ರ ಯಾರಾದ್ರೂ ನಿಲ್ಲಬೇಕು ಅಂತ. ಅಜ್ಜಿ ನಿಂತ್ಲು, ಅಪ್ಪ ನಿಂತ. ಈಗ ನನ್ನ ಮಂಡಿ ಸಾಯ್ತಿದೆ. ಹೋದೋರು ಸಿಕ್ಕಾಪಟ್ಟೆ ತಡ ಮಾಡಿದ್ರು."

ಅವನು ಬೂಟಿನ ತುದಿಯಿಂದ ಬೋಗುಣಿಯನ್ನು ಮುಟ್ಟಿದ. "ಮಾತು ಮಾತ್ರ ಅಲ್ಲ. ಇದರಲ್ಲಿ ಇನ್ನೊಂದು ಕೊಟ್ಟು ಹೋಗಿದ್ದಾಳೆ."

ಲೊರೇನ್ ಮುರಿದ ಕಾಲಿನ ಬೋಗುಣಿಯನ್ನು ನೋಡಿದಳು. ಆಮೇಲೆ ಗೋಡೆಯಾಚೆ, ಉರಿಬಿಸಿಲಿನಲ್ಲೂ ಹೊಗೆಯಾಡುತ್ತಿದ್ದ ಅವನ ಮನೆಯನ್ನು. ಅದೇ ಕಲ್ಲಿನ ಮೇಲೆ ಕೂತಳು. ಈ ಸಲ ಫೆಸ್ಟಿ ಏಳು ಎನ್ನಲಿಲ್ಲ.

"ಕೆಂಡ," ಎಂದಳು.

ಫೆಸ್ಟಿ ನಿಧಾನವಾಗಿ ಟೋಪಿ ತೆಗೆದ. "ಆರಿಲ್ಲ, ತಾಯಿ. ಒಯ್ಯೋಕೆ ಬಂದ್ಯಾ?"