ಮಾಲಾಕಿಯ ಗೇಟು

ಮಾಲಾಕಿ ಗೇಟಿನ ಬಳಿ ಇರಲಿಲ್ಲ.

ಬಸ್ಸು ನಿಂತಿತು. ಯಾರೂ ಇಳಿಯಲಿಲ್ಲ. ಲೀಟ್ರಿಮ್ ಜಿಲ್ಲೆಯ ಮಧ್ಯಮ ದರ್ಜೆಯ ಗೇಲಿಕ್ ಫುಟ್‌ಬಾಲ್ ಫೈನಲ್‌ಗೆ ಹೊರಟಿದ್ದ ಡ್ರಮ್‌ಕೀಲ್ ತಂಡ ಕಿಟಕಿಗಳಿಂದ ಆ ಖಾಲಿ ಗೇಟನ್ನೇ ನೋಡುತ್ತ ಕೂತಿತು.

ದೊಡ್ಡ ಪಂದ್ಯಕ್ಕೆ ಹೋಗುವಾಗ ಈ ಮನೆಯ ಮುಂದೆ ನಿಲ್ಲುವುದು ಕ್ಲಬ್ಬಿನ ವಾಡಿಕೆ. ಹಳೆಯ ತರಬೇತುದಾರ ಮಾಲಾಕಿ ಹೊರಬಂದು ಒಬ್ಬೊಬ್ಬನ ಕೈಯನ್ನೂ ಕುಲುಕುತ್ತಿದ್ದ. ಒಬ್ಬೊಬ್ಬನಿಗೂ ಒಂದೊಂದು ಬೈಗುಳ, ಅದೇ ಆಶೀರ್ವಾದ. ಅವನ ಹಿಂದೆ ಹೆಂಡತಿ ಡೆಲಿಯಾ ಬಿಸಿ ಸೋಡಾ ಬ್ರೆಡ್ಡಿನ ತಟ್ಟೆ ಹಿಡಿದು ಬರುತ್ತಿದ್ದಳು. ತಂಡದ ಜೆರ್ಸಿಗಳು ಒಗೆತ, ಇಸ್ತ್ರಿ ಆಗಿ ಬರುತ್ತಿದ್ದುದೂ ಇದೇ ಮನೆಯಿಂದ.

ಇವತ್ತು ಮಗಳು ಗ್ರಾನ್ಯಾ ಒಬ್ಬಳೇ ಜೆರ್ಸಿ ಚೀಲವನ್ನು ಎಳೆದುಕೊಂಡು ಬಂದಳು.

"ಅಪ್ಪ ಹೊರಗೆ ಬರಲ್ಲ," ಅಂದಳು. "ಹೊರಡಿ, ಹೊತ್ತಾಗುತ್ತೆ."

ತಂಡದ ಮ್ಯಾನೇಜರ್ ಫಿಂಟನ್ ಕೆಳಗಿಳಿದು ಚೀಲಕ್ಕೆ ಕೈ ಹಾಕಿದ. ಜೆರ್ಸಿಗಳು ಇನ್ನೂ ಹಸಿಯಾಗಿದ್ದವು. ಮುದುಡಿ ತುರುಕಿದ್ದರು.

"ಏನು ಗ್ರಾನ್ಯಾ, ಬ್ರೆಡ್ ಇಲ್ವಾ ಇವತ್ತು?" ಬಸ್ಸಿನ ಬಾಗಿಲಿಂದ ಗೋಲ್‌ಕೀಪರ್ ಡೊನೋ ಕೂಗಿದ. "ಖಾಲಿ ಹೊಟ್ಟೇಲಿ ಸೋತು ಬಂದ್ರೆ ನಿಮ್ಮ ಮನೆ ಹೆಸರೇ ಹೇಳೋದು ನೋಡು!"

"ಒಲೆ ಹಚ್ಚಿಲ್ಲ," ಅಂದಳು ಗ್ರಾನ್ಯಾ. ಅವಳ ಕಣ್ಣು ಕೆಂಪಾಗಿತ್ತು.

ಫಿಂಟನ್ ಮನೆಯ ಕಡೆ ನೋಡಿದ. ಅಕ್ಟೋಬರ್ ಚಳಿಯಲ್ಲಿ ಮಲಗುವ ಕೋಣೆಯ ಕಿಟಕಿ ತೆರೆದಿತ್ತು, ಹೊರಟ ಜೀವಕ್ಕೆ ದಾರಿ ಬಿಟ್ಟ ಹಾಗೆ. ಬಾಗಿಲಿನಾಚೆ ಹಜಾರದ ಕನ್ನಡಿಗೆ ಬಟ್ಟೆ ಮುಚ್ಚಿತ್ತು. ಸಾವಾದ ಮನೆಯಲ್ಲಿ ನಿಲ್ಲಿಸುವ ಹಾಗೆ ಗೋಡೆಯ ಗಡಿಯಾರ ನಿಂತಿತ್ತು. ಕಿಟಕಿಯೊಳಗೆ ಕುರ್ಚಿಯಲ್ಲಿ ಮಾಲಾಕಿಯ ಬೆನ್ನು, ಬಿಳಿ ತಲೆ. ಇಷ್ಟು ಗದ್ದಲಕ್ಕೂ ಅದು ಅಲುಗಲಿಲ್ಲ.

ಮುದುಕ ತೀರಿಕೊಂಡಿದ್ದಾನೆ, ಫಿಂಟನ್ ಅಂದುಕೊಂಡ. ಬಸ್ಸಿನವರಿಗೆ ಕಾಣಲಿ ಅಂತ ಕೂರಿಸಿದ್ದಾರೆ.

ಕ್ಲಬ್ಬಿನ ಮನೆಗಳಲ್ಲಿ ಯಾರೇ ತೀರಿಕೊಳ್ಳಲಿ, ಅವರು ಮಣ್ಣಿಗೆ ಸೇರುವ ತನಕ ಡ್ರಮ್‌ಕೀಲ್ ಮೈದಾನಕ್ಕೆ ಇಳಿಯುವುದಿಲ್ಲ. ಅಜ್ಜಂದಿರ ಕಾಲದ ನೇಮ. ಸಾವಿನ ಸುದ್ದಿ ಬಂದರೆ ಫೈನಲ್ ಮುಂದಿನ ಭಾನುವಾರಕ್ಕೆ. ಆದರೆ ನಾಯಕ ಕಾಹಲ್ ನಾಳೆ ಬೆಳಿಗ್ಗೆ ಪರ್ತ್‌ಗೆ ವಿಮಾನ ಹತ್ತುತ್ತಾನೆ. ಕಾಹಲ್ ಇಲ್ಲದೆ ಕಪ್ ಇಲ್ಲ. ಆ ಕಪ್ ಡ್ರಮ್‌ಕೀಲ್‌ಗೆ ಒಮ್ಮೆಯೂ ಬಂದಿಲ್ಲ.

ಸುದ್ದಿ ಬಂದರೆ ತಾನೆ.

"ಗ್ರಾನ್ಯಾ, ನಾನು ಒಂದು ನಿಮಿಷ ಒಳಗೆ ಬರ್ಲಾ?"

"ಬೇಡ ಫಿಂಟನ್. ಬಂದ್ರೆ ನಿನಗೆ ಆಡಿಸಕ್ಕಾಗಲ್ಲ. ಕಪ್ ತಗೊಂಡು ಬಾ, ಆಮೇಲೆ ಬರುವೆಯಂತೆ."

"ಸರಿ. ನಾನೇನೂ ಕೇಳಲ್ಲ."

"ಕೇಳಬೇಡ," ಅಂದಳು ಅವಳು.

ಬಸ್ಸು ಊರು ದಾಟಿತು. ಕೊನೆಗೆ ಕಾಹಲ್, "ಮುದುಕ ನಿದ್ದೆ ಮಾಡ್ತಿದ್ದ, ಅಲ್ವಾ?" ಅಂದ.

"ಹೂಂ. ನಿದ್ದೆ," ಅಂದ ಫಿಂಟನ್.

"ಒಳ್ಳೇ ನಿದ್ದೆ ಬಿಡು," ಅಂದ ಡೊನೋ.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹಿಂದಿನ ಸೀಟಿನಲ್ಲಿ ಯಾರೋ ಮೆಲ್ಲಗೆ ಪ್ರಾರ್ಥನೆ ಶುರುಮಾಡಿದರು. ಒಂದೊಂದೇ ದನಿ ಸೇರಿಕೊಂಡಿತು. ಫಿಂಟನ್ ಜೇಬಿನೊಳಗೇ ಜಪಮಣಿ ಎಣಿಸಿದ. ದೇವರೇ, ಮಾಲಾಕಿಯ ಆತ್ಮವನ್ನು ನಿನ್ನ ಬೆಳಕಿಗೆ ಕರೆದುಕೋ. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಹೊರಟಿದ್ದೇವೆ, ಮನ್ನಿಸು.

ಹಸಿ ಜೆರ್ಸಿ ಬೆನ್ನಿಗಂಟಿಕೊಂಡೇ ಅವರು ಆಡಿದರು. ಎದುರಾಳಿ ಬಾಲಿನಾರ ತಂಡ ಮೊದಲಿನಿಂದ ಮುಂದಿತ್ತು. ಅಂಚಿನಲ್ಲಿ ನಿಂತ ಫಿಂಟನ್‌ಗೆ ಕತ್ತಿನ ಹಿಂದೆ ಯಾರೋ ಉಸಿರಾಡಿದ ಹಾಗೆ. ತಿರುಗಿದರೆ ಗಾಳಿ, ತೊಯ್ದ ಹುಲ್ಲು. ಮಾಲಾಕಿ ನಿಲ್ಲುತ್ತಿದ್ದ ಜಾಗದಲ್ಲಿ ಜನ ತಮಗೇ ತಿಳಿಯದಂತೆ ಒಬ್ಬನಷ್ಟು ತೆರಪು ಬಿಟ್ಟಿದ್ದರು.

ಹೇಗೋ ಸಮ ಮಾಡಿಕೊಂಡರು. ಕೊನೆಯ ಗಳಿಗೆಯಲ್ಲಿ ಫ್ರೀ ಕಿಕ್. ಗೋಲು ತೀರಾ ದೂರ. ಕಾಹಲ್ ಕೈಯಲ್ಲಿ ಹಿಡಿದಿದ್ದ ಚೆಂಡನ್ನು ಪಕ್ಕದವನಿಗೆ ದಾಟಿಸಲು ನೋಡಿದ. ಆಗ ಫಿಂಟನ್‌ನ ಕಿವಿಯಲ್ಲಿ ಮಾಲಾಕಿಯ ಗೊಗ್ಗರು ದನಿ ಕೇಳಿತು: ನೆಲದ ಮೇಲಿಟ್ಟು ಒದೆಯೋ ಅನ್ನು, ಹೆದರುಪುಕ್ಕಲ!

"ನೆಲದ ಮೇಲಿಟ್ಟು ಒದೆಯೋ!" ಫಿಂಟನ್ ಕಿರುಚಿದ.

ಕಾಹಲ್ ಒದ್ದ. ಚೆಂಡು ಗಾಳಿಯಲ್ಲಿ ಓಲಾಡಿ, ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲೆ ಹಾದುಹೋಯಿತು. ಒಂದು ಅಂಕ ಬಂತೆಂದು ಅಂಪೈರ್ ಬಿಳಿ ಬಾವುಟ ಎತ್ತಿದ. ಪಂದ್ಯ ಮುಗಿದ ಸೀಟಿ ಮೊಳಗಿತು.

"ಇದು ಮಾಲಾಕಿಗೆ!" ಕಪ್ ಎತ್ತಿ ಕಾಹಲ್ ಕೂಗಿದ. ಸುತ್ತಲಿನ ಗಂಡಸರು ಟೋಪಿ ತೆಗೆದರು. ಯಾರೂ ಏಕೆಂದು ಕೇಳಲಿಲ್ಲ.

ಮುಸ್ಸಂಜೆಗೆ ಬಸ್ಸು ಮತ್ತೆ ಆ ಮನೆಯ ಮುಂದೆ ನಿಂತಿತು. ಫಿಂಟನ್ ಮೊದಲು ಒಳಗೆ ಹೋದ. ಹಜಾರ ಕತ್ತಲು. ಕೋಣೆಯಿಂದ ಮೇಣದಬತ್ತಿಯ ಬೆಳಕು ನೆಲಕ್ಕೆ ಬಿದ್ದಿತ್ತು. ಗ್ರಾನ್ಯಾಳಿಗೆ ಹೇಳಬೇಕಾದ ಸಂತಾಪದ ಮಾತನ್ನು ಅವನು ತುಟಿಯೊಳಗೇ ಜೋಡಿಸಿಕೊಂಡ.

ಕತ್ತಲಿನಿಂದ ಒಂದು ಕೈ ಬಂದು ಅವನ ಕೈ ಹಿಡಿಯಿತು.

"ನೆಲದ ಮೇಲಿಟ್ಟು ಒದ್ದನಂತೆ? ರೇಡಿಯೋದಲ್ಲಿ ಕೇಳಿದೆ."

ಮಾಲಾಕಿ. ಫಿಂಟನ್ ಹಿಂದೆ ಸರಿದ. ಕೈ ಬಿಡಿಸಿಕೊಳ್ಳಲು ನೋಡಿದ, ಆಗಲಿಲ್ಲ. ಆ ಕೈ ಬೆಚ್ಚಗಿತ್ತು.

ಮುದುಕ ಬಾಗಿಲಿನಿಂದ ಪಕ್ಕಕ್ಕೆ ಸರಿದ. ಒಳಗೆ ಹಾಸಿಗೆಯ ಮೇಲೆ, ಎರಡು ಮೇಣದಬತ್ತಿಗಳ ನಡುವೆ, ಬೆರಳಿಗೆ ಜಪಮಣಿ ಸುತ್ತಿಕೊಂಡು ಡೆಲಿಯಾ ಮಲಗಿದ್ದಳು.

"ನಿನ್ನೆ ಸಂಜೆ ಹೋದಳು ಕಣಪ್ಪ," ಅಂದ ಮಾಲಾಕಿ. "ಹುಡುಗರು ಆಡಲಿ, ಅಲ್ಲೀತನಕ ಯಾರಿಗೂ ಹೇಳಬೇಡಿ ಅಂದಿದ್ದಳು. ನನಗೆ ಸುಳ್ಳು ಹೇಳಕ್ಕೆ ಬರಲ್ಲ, ಅದಕ್ಕೇ ನಿಮ್ಮ ಕಡೆ ತಿರುಗಲೂ ಇಲ್ಲ. ಡೆಲಿಯಾ ಎಲ್ಲಿ ಅಂತ ಒಬ್ಬನಾದರೂ ಕೇಳಿಬಿಟ್ಟರೆ ಏನು ಗತಿ ಅಂತ ಹೆದರಿ ಕೂತಿದ್ದೆ. ಪುಣ್ಯ, ಯಾರೂ ಕೇಳಲಿಲ್ಲ."