ಭಾನುವಾರ ಹನ್ನೊಂದು ಸಲ

ಗಂಡನ ಹೊಡೆತ ತಿನ್ನುವ ಹೆಂಗಸರಿಗೆ ನೆರವಾಗುವ ಸಂಘ ಅದು. ಕೆಳಗೆ ಕಚೇರಿ, ಮಹಡಿಯಲ್ಲಿ ಅಧ್ಯಕ್ಷರು ಮತ್ತು ಅವರ ಹೆಂಡತಿಯ ವಾಸ.

“ವೆಬ್‌ಸೈಟ್ ಎಷ್ಟು ಜನ ನೋಡಿದ್ರು ಅಂತ ಗೊತ್ತಾದ್ರೆ ಸಾಕು ಸರ್. ಎಲ್ಲಿಂದ ನೋಡಿದ್ರು ಅಂತೆಲ್ಲ ತೋರಿಸೋ ಟೂಲ್ ಬೇಡ. ಯಾವನೋ ಗಂಡನ ಕಣ್ಣಿಗೆ ಬಿದ್ರೆ?” ಎಂದಳು ಕಾರ್ಯಕರ್ತೆ ಪದ್ಮಾಕ್ಷಿ.

“ನೋಡೋದು ನಾನು, ನೀನು. ಗಂಡ ಎಲ್ಲಿಂದ ಬರ್ತಾನಮ್ಮ?” ಅಧ್ಯಕ್ಷರು ನಕ್ಕು, ಎಲ್ಲವನ್ನೂ ತೋರಿಸುವುದನ್ನೇ ಹಾಕಿಸಿದರು.

ವಾರದ ಬಳಿಕ ಇಬ್ಬರೂ ಮೊದಲ ವರದಿ ತೆರೆದರು. ‘ಮನೆ ಬಿಡುವ ಮುನ್ನ’ ಎಂಬ ಪುಟವನ್ನು ಭಾನುವಾರ ಯಾರೋ ಹನ್ನೊಂದು ಸಲ ನೋಡಿದ್ದರು, ಇದೇ ಕಟ್ಟಡದ ವೈಫೈಯಿಂದ.

ಪದ್ಮಾಕ್ಷಿ ತಟ್ಟನೆ ವರದಿಯನ್ನು ಮುಚ್ಚಿದಳು. “ಅದು ನಾನೇ ಸರ್. ಭಾನುವಾರ ಆಫೀಸಿಗೆ ಬಂದಿದ್ದೆ.”

“ಬೀಗದಕೈ ನನ್ನ ಹತ್ರಾನೇ ಇತ್ತಲ್ಲಮ್ಮ,” ಎಂದ ಅಧ್ಯಕ್ಷರು ನಿಧಾನವಾಗಿ ಮಹಡಿಯ ಮೆಟ್ಟಿಲು ಹತ್ತತೊಡಗಿದರು.